ಗಡಿ ಪಾರ್ಕಿನಲ್ಲಿ ತೆನೆಹಬ್ಬ

ಹುಲ್ಲಿಗೆ ನೀರು ಬಿಟ್ಟಿದ್ದಾರೆ, ಒದ್ದೆ ಮಣ್ಣಿನ ವಾಸನೆ, ಈ ಮರಳುಗಾಡಿಗೆ ಇದನ್ನು ಎಲ್ಲಿಂದ ತಂದರೋ, ಚಪ್ಪಲಿ ಕಳಚಿ ಕಾಲಿಟ್ಟರೆ ತಣ್ಣಗೆ, ಆಹಾ, ಹಬ್ಬ ಕಳೆದು ಎರಡು ವಾರವಾದರೂ ನನಗೆ ಇವತ್ತೇ ತೆನೆಹಬ್ಬ, ಅಣ್ಣ ಬಂದರೆ — ಬರುತ್ತಾನೆ, ಬರದೆ ಎಲ್ಲಿ ಹೋಗುತ್ತಾನೆ, ಅವನ ಮನೆಯಿರುವ ಬಿನ್ ಒಮ್ರಾನ್ ಏನು ದೂರವೇ, ಆದರೆ ಏಷ್ಯನ್ ಗೇಮ್ಸಿಗೆಂದು ದೋಹಾದ ರಸ್ತೆಯೆಲ್ಲ ಅಗೆದು ಹಾಕಿದ್ದಾರೆ, ನಾವೇ ಐನ್ ಖಾಲಿದ್‌ನ ನಮ್ಮ ಮನೆಯಿಂದ ಸುತ್ತಿ ಸುತ್ತಿ ಬಂದದ್ದು, ದಾರಿಯುದ್ದಕ್ಕೂ ನನ್ನ ಗಂಡ ಟೆರೆನ್ಸರ ಗೊಣಗಾಟ, ಜಾಗ ಹುಡುಕಿದ್ದು ಮಾತ್ರ ಅವರೇ, ನಮ್ಮ ಮನೆಯೂ ಬೇಡ ಅವನ ಮನೆಯೂ ಬೇಡ ಮ್ಯಾಗಿ, ಪಾರ್ಕಿನಲ್ಲಾದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ ಎಂದರು. ನಾವಿಬ್ಬರು ಮಾತು ಬಿಟ್ಟು ಮೂರು ವರ್ಷ! ಊರಲ್ಲಿ ಅಪ್ಪನ ಜಾಗ ಪಾಲಾದ ಮೇಲೆ ಅಣ್ಣ ಕಟ್ಟಿಸಿದ ಕಾಂಪೌಂಡು ಗೋಡೆ ನನ್ನ ಪಾಲಿನೊಳಗೆ ಎರಡಡಿ ಬಂತು, ಬಾವಿಯ ದಾರಿ ಮುಚ್ಚಿತು, ತಪ್ಪು ಅವನದೇ, ಈಗಲೂ ಹೇಳುತ್ತೇನೆ, ಆದರೆ ದೋಹಾದಲ್ಲಿ ಕುಳಿತ ನಾನು ಆ ಬಾವಿಯಿಂದ ಯಾವ ನೀರು ಸೇದಬೇಕಿತ್ತು, ಫೋನಿನಲ್ಲಿ ಕೂಗಾಡಿದೆವು, ಖಲಾಸ್, ಶುಕ್ರವಾರದ ಬಲಿಪೂಜೆಯಲ್ಲಿ ಅವನು ಆ ಕಡೆ, ನಾನು ಈ ಕಡೆ. ಅಮ್ಮ ಪ್ರತಿವರ್ಷ ಇಗರ್ಜಿಯಲ್ಲಿ ಆಶೀರ್ವದಿಸಿದ ತೆನೆಯ ಕಾಳುಗಳನ್ನು ಇಬ್ಬರಿಗೂ ಬೇರೆ ಬೇರೆ ಕಳಿಸುತ್ತಿದ್ದಳು, ಈ ಸಲ ಒಂದೇ ಲಕೋಟೆ, ಅಣ್ಣನ ಆಫೀಸಿನ ಪೋಸ್ಟ್ ಬಾಕ್ಸಿಗೆ, ಮೇಲೆ ಮಾತ್ರ ನನ್ನ ಹೆಸರು, ಕಿಲಾಡಿ ಮುದುಕಿ! ಹೊಸ ಅಕ್ಕಿಯನ್ನು ಹಿರಿಯನೇ ಹಂಚಬೇಕು, ಮನೆಮಂದಿ ಒಟ್ಟಿಗೆ ಕೂತು ತಿನ್ನಬೇಕು, ಅದು ಅವನಿಗೂ ಗೊತ್ತು, ಮೊನ್ನೆ ಫೋನು, ತೆನೆ ಬಂದಿದೆ ಎಂದಷ್ಟೇ ಹೇಳಿದ, ನಾನು ಹೂಂ ಎಂದೆ, ಫೋನಿಟ್ಟು ಅಡುಗೆಮನೆಯಲ್ಲಿ ಕುಣಿದೆ.

ಮಗಳು ಟೀನಾ ಓಡಿ ಬರುತ್ತಾಳೆ, ಮಮ್ಮಿ ಆ ಸ್ಟೋನ್ ಮೇಲೆ ಬರೆದದ್ದು ಓದಿದೆ, ಟೂ ಕಂಟ್ರೀಸ್‌ಗೆ ಬಾರ್ಡರ್ ಜಗಳ ಇತ್ತಂತೆ, ಫೈಟ್ ಮಾಡದೇ ಫ್ರೆಂಡ್ಸ್ ಆದರಂತೆ, ಅದಕ್ಕೇ ಈ ಪಾರ್ಕ್ — ನಾನು ಟೆರೆನ್ಸರ ಮುಖ ನೋಡಿದೆ, ದೇವರಾಣೆ ಗೊತ್ತಿರಲಿಲ್ಲ ಮಾರಾಯ್ತಿ, ಪಾರ್ಕಿಂಗ್ ಸಿಗುತ್ತದೆಂದು ಬಂದದ್ದು ಎಂದರು, ಹೊಟ್ಟೆ ಹಿಡಿದುಕೊಂಡು ನಕ್ಕೆ, ಅಲ್ಲ, ಎರಡು ದೇಶಗಳಿಗೆ ಆದದ್ದು ನಮಗೆ ಎರಡಡಿಗೆ ಆಗಲಿಲ್ಲವೇ, ನಗುತ್ತಿದ್ದಾಗಲೇ ಕಾರು ನಿಂತಿತು, ಎಡ್ನಾ ಅತ್ತಿಗೆಯ ಕೈಯಲ್ಲಿ ಪಾಯಸದ ಪಾತ್ರೆ, ಹಿಂದೆ ಅಣ್ಣ, ದಪ್ಪಗಾಗಿದ್ದಾನೆ, ಮೀಸೆ ಬೆಳ್ಳಗಾಗಿದೆ, ಯಾವಾಗ ಆಯಿತು ಇದೆಲ್ಲ, ಅವನೂ ಕಲ್ಲಿನ ಮುಂದೆ ನಿಂತ, ನಾಲ್ಕು ಸಾಲು ಓದಲು ಎಷ್ಟು ಹೊತ್ತು, ಮುಗಿದರೂ ಓದುತ್ತಲೇ ಇದ್ದ, ಆಮೇಲೆ ಕಲ್ಲಿಗೇ ಹೇಳುವವನಂತೆ, ಗೋಡೆ ಒಡೆಯಲು ಹೇಳಿದ್ದೇನೆ, ಬಾವಿಯ ಕಡೆಯದ್ದು. ಪೂರ್ತಿ ಒಡೆಸಬೇಡ, ಒಂದು ಬಾಗಿಲಿಟ್ಟರೆ ಸಾಕು — ಯಾರು ಹೇಳಿದ್ದು ಇದು, ನಾನೇ, ಮೂರು ವರ್ಷ ಬಾಯಿಪಾಠ ಮಾಡಿದ್ದ ಬೈಗಳೆಲ್ಲ ಎಲ್ಲಿ ಹೋದವು, ಎದೆ ಹಗುರವಾಗಿದೆ, ಅವನು ಹುಲ್ಲಿನ ಮೇಲೆ ಚಕ್ಕಳಮಕ್ಕಳ ಕೂತು ಲಕೋಟೆ ಬಿಚ್ಚಿದ, ಉಗುರಿನಿಂದ ಭತ್ತ ಸುಲಿದ, ಉಫ್ ಎಂದು ಊದಿದ, ಅಕ್ಕಿ ಪಾಯಸಕ್ಕೆ ಹಾಕಿದ, ಮೊದಲ ಬಟ್ಟಲು ನನಗೇ, ತಗೋ ಮ್ಯಾಗಿ, ಆ ದನಿ, ಅವನ ಬಿಳಿ ಮೀಸೆಯಲ್ಲಿ ಭತ್ತದ ಹೊಟ್ಟು ಸಿಕ್ಕಿಕೊಂಡಿದೆ, ಅವನಿಗೆ ಗೊತ್ತಿಲ್ಲ, ತಿನ್ನು ಎನ್ನುತ್ತಿದ್ದಾನೆ, ತುಟಿ ಅಲ್ಲಾಡಿದಾಗ ಅದೂ ಅಲ್ಲಾಡುತ್ತದೆ, ಬಟ್ಟಲು ಕೆಳಗಿಟ್ಟು ಕೈ ಚಾಚಿದ್ದೇನೆ, ಅಣ್ಣ ಮುಖ ಮುಂದೆ ತಂದಿದ್ದಾನೆ, ಮೀಸೆಯಲ್ಲಿ ಹೊಟ್ಟು, ನನ್ನ ಬೆರಳು, ಮೀಸೆಯಲ್ಲಿ ಹೊಟ್ಟು —