ಅತ್ತೆಯ ಜೇಬಿನ ಆರು ಅಂಕಿ

ಮದುವೆಯಾಗಿ ಎರಡನೆಯ ದಿನ. ನಾರಿನ್ ಪಟ್ಟಣದ ಅತ್ತೆಮನೆಯ ಮೂಲೆಯಲ್ಲಿ, ಕಸೂತಿ ಪರದೆಯ ಹಿಂದೆ ಕಾನಿಶಾಯ್ ಬಿಳಿ ಶಾಲು ಹೊದ್ದು ಕುಳಿತಿದ್ದಳು. ಅಲ್ಲಿನ ಪದ್ಧತಿಯಂತೆ ಹೊಸ ಸೊಸೆ ಮೂರು ದಿನ ಆಚೆ ಬರುವಂತಿಲ್ಲ, ದನಿ ಎತ್ತುವಂತಿಲ್ಲ. ಬಂದವರೆಲ್ಲ ಪರದೆ ಸರಿಸಿ ಮುಖ ನೋಡುವುದು, ಇವಳು ತಲೆ ಬಾಗಿಸುವುದು. ಕತ್ತು ಬಿದ್ದುಹೋಗಿತ್ತು.

ಗಂಡ ಉರ್ಮತ್ ಒಳಗೆ ತಲೆ ತೂರಿಸಿದ.

"ಬಾಯ್ಲರ್ ಮನೆಯಿಂದ ತುರ್ಗುನ್ ಅಣ್ಣ ಫೋನ್ ಮಾಡಿದ್ದ ಕಣೆ. ಊರಿಗೆ ಬಿಸಿನೀರು ಕಳಿಸೋ ಪಂಪು ನಿಂತ್ಹೋಗಿದೆಯಂತೆ, ಅಲ್ಲಿಂದ ಚಾಲೂ ಆಗ್ತಿಲ್ಲವಂತೆ. ಆಸ್ಪತ್ರೆ ಕಾಯಿಸೋ ಕೊಳವೆಗಳಲ್ಲಿ ಬಿಸಿನೀರಿಲ್ಲ, ಹೆರಿಗೆ ವಾರ್ಡು ತಣ್ಣಗಾಗ್ತಿದೆ."

ಹೊರಗೆ ಮೈನಸ್ ಇಪ್ಪತ್ತೆಂಟು. ಆ ಪಂಪುಗಳನ್ನು ದೂರದಿಂದಲೇ ನಡೆಸುವ ವ್ಯವಸ್ಥೆ ಕಟ್ಟಿದವಳು ಕಾನಿಶಾಯ್. ಆ ಕೆಲಸವೊಂದೇ ಅವಳ ಸ್ವಂತದ್ದು. ಅದನ್ನು ಬಿಡುವುದಿಲ್ಲ ಎಂದು ಹೇಳಿಯೇ ಮದುವೆಗೆ ಒಪ್ಪಿದ್ದಳು.

ತವರಿನ ಪೆಟ್ಟಿಗೆಯಿಂದ ಲ್ಯಾಪ್‌ಟಾಪ್ ತೆಗೆದು ಪಾಸ್‌ವರ್ಡ್ ಹಾಕಿದಳು. ಫೋನಿಗೆ ಕಳಿಸಿದ ಆರಂಕಿಯ ಸಂಖ್ಯೆ ಕೊಡಿ ಎಂದಿತು ಅದು. ಪಾಸ್‌ವರ್ಡ್ ಕದ್ದರೂ ಕಳ್ಳ ಒಳಗೆ ಬರಬಾರದೆಂದು ಈ ಎರಡನೆಯ ಬೀಗ ಹಾಕಿಸಿದವಳೂ ಅವಳೇ. ಫೋನು ಮಾತ್ರ ನಿನ್ನೆಯಿಂದ ಅತ್ತೆ ಬಾತ್ಮಾಳ ಜೇಬಿನಲ್ಲಿತ್ತು. ಹೊಸ ಸೊಸೆಗೆ ಫೋನು ಯಾಕಂತೆ?

"ಇಸ್ಕೊಂಡು ಬಾ."

"ನಾನಾ? ಅಮ್ಮನ ಹತ್ರಾನಾ? ನೆಂಟರೆದುರಿಗೆ?"

ಆ ಚಳಿಯಲ್ಲೂ ಗಂಡಸು ಬೆವರಿದ. ಇಂಥವನನ್ನು ಕಟ್ಟಿಕೊಂಡು ಏನು ಸುಖ! ಕಾನಿಶಾಯ್ ತಾನೇ ದನಿ ಎತ್ತಿ ಅತ್ತೆಯನ್ನು ಕರೆದಳು.

"ಅಪಾ! ಫೋನ್ ಕೊಡಿ. ಅದರಲ್ಲೊಂದು ನಂಬರ್ ಬಂದಿದೆ, ಆಸ್ಪತ್ರೇಲಿ ಕೂಸುಗಳು ನಡುಗ್ತಿವೆ!"

ಬಾತ್ಮಾ ಚಹಾ ಬಟ್ಟಲು ಕೆಳಗಿಟ್ಟಳು.

"ಮೂರು ದಿನ ನೀನು ಫೋನ್ ಮುಟ್ಟೋ ಹಾಗಿಲ್ಲ ಮಗಳೇ. ನಂಬರ್ ತಾನೇ? ನಾನೇ ಓದ್ತೀನಿ."

ಕನ್ನಡಕ ಹುಡುಕುವಷ್ಟರಲ್ಲಿ ಮೊದಲ ಸಂಖ್ಯೆಯ ಅವಧಿ ಮುಗಿಯಿತು. ಎರಡನೆಯದನ್ನು ಬಾತ್ಮಾ ಇಡೀ ಬೀದಿಗೆ ಕೇಳುವಂತೆ ಓದಿದಳು. ಕಾನಿಶಾಯ್ ಪಂಪು ಚಾಲೂ ಮಾಡಿದಳು. ಹತ್ತು ನಿಮಿಷಕ್ಕೆ ವಾರ್ಡಿನ ಕೊಳವೆಗಳು ಬಿಸಿಯಾದವೆಂದು ತುರ್ಗುನ್ ತಿಳಿಸಿದ.

"ನಮ್ಮ ಬಾತ್ಮಾ ಊರಿಗೇ ಕಾವು ಕೊಟ್ಟಳು ನೋಡ್ರೇ!" ಎಂದು ನೆಂಟರು ಹೊಗಳಿದರು.

ಬಾತ್ಮಾ ಹಿಗ್ಗಿ ಹೀರೇಕಾಯಿಯಾದಳು. "ಇನ್ಮೇಲೆ ಹೀಗೇ ಮಾಡೋಣ ಮಗಳೇ. ಮೂರು ದಿನ ಯಾಕೆ, ಫೋನ್ ಯಾವಾಗ್ಲೂ ನನ್ನ ಹತ್ರಾನೇ ಇರ್ಲಿ. ಕೆಲಸ ಬಂದಾಗ ಕೇಳು, ಓದಿ ಹೇಳ್ತೀನಿ."

ಕಾನಿಶಾಯ್‌ಗೆ ತನ್ನ ಕೆಲಸದ ಕೀಲಿ ಅತ್ತೆಯ ಜೇಬಿನಲ್ಲಿರುವುದು ಬೇಡವಾಗಿತ್ತು. ಇನ್ನು ಮುಂದೆ ಸಂಖ್ಯೆ ಬೇರೆ ಫೋನಿಗೆ ಬರುವಂತೆ ಮಾಡಲು ಲ್ಯಾಪ್‌ಟಾಪಿನಲ್ಲಿ ಸದ್ದಿಲ್ಲದೆ ಒಂದು ಗುಂಡಿ ಒತ್ತಿದಳು.

ಆ ಬದಲಾವಣೆಗೂ ಹಳೆಯ ಫೋನಿನದೇ ಒಪ್ಪಿಗೆ ಬೇಕಿತ್ತು; ಆಚೆ ಅತ್ತೆಯ ಜೇಬು ಗುಂಯ್‌ಗುಟ್ಟಿತು.

"ಫೋನ್ ಬದಲಾಯಿಸ್ತೀರಾ ಅಂತ ಕೇಳ್ತಿದೆಯಲ್ಲ," ಎಂದಳು ಬಾತ್ಮಾ. "ಏನು ಮಾಡ್ತಿದ್ದೀಯ ಒಳಗೆ?"