ಹಸುವಿಲ್ಲದ ಹಾಲಿನ ರಮಾನಂದ ಮಾವ

ರಮಾನಂದ ಮಾವನಿಗಿಂತ ಮೊದಲು ಅವರ ಸಿಟ್ಟು ಅಂಗಳಕ್ಕೆ ಬರುತ್ತದೆ. ಹೊನ್ನಾವರದ ನಮ್ಮ ಮನೆಯ ಗೇಟು ಕಿರುಗುಟ್ಟುವ ಮುಂಚೆಯೇ, ರಸ್ತೆಯ ತಿರುವಿನಲ್ಲಿ ಯಾರನ್ನೋ ತರಾಟೆಗೆ ತೆಗೆದುಕೊಳ್ಳುತ್ತಿರುವ ಆ ಒಡಕು ಕಂಠ ಕೇಳಿಸುತ್ತದೆ. ಅದರ ಬೆನ್ನಿಗೆ, ಬಲಹೆಗಲನ್ನು ಮುಂದೆ ತೂರಿಸಿಕೊಂಡು, ಕಣ್ಣಿಗೆ ಕಾಣದ ಹೋರಿಯೊಂದನ್ನು ಗೋಡೆಗೆ ಒತ್ತರಿಸುತ್ತಿರುವವರಂತೆ ನಡೆಯುವ ಆ ನೀಳದೇಹ. ಭಟ್ಕಳದಲ್ಲೂ ಕುಮಟೆಯಲ್ಲೂ ಪಶು ಆಸ್ಪತ್ರೆಯ ಕಂಪೌಂಡರಾಗಿ ಆಯುಷ್ಯವನ್ನೆಲ್ಲ ಸವೆಸಿದವರು ಅವರು; ನಿವೃತ್ತಿಯ ದಿನ ಸರ್ಕಾರಿ ಸಾಮಾನನ್ನೆಲ್ಲ ಹಿಂದಿರುಗಿಸಿದರಾದರೂ ಆ ನಡಿಗೆಯನ್ನು ಮಾತ್ರ ಮನೆಗೆ ತಂದುಬಿಟ್ಟರು. ಜೊತೆಗೆ ಒಂದು ಕಂದು ಕೋಟನ್ನೂ. ಸಮುದ್ರದ ಗಾಳಿಗೆ ಉಟ್ಟ ಬಟ್ಟೆ ಮೈಗಂಟುವ ನಮ್ಮ ಕಡೆಯಲ್ಲಿ, ಉಳಿದವರು ಬನಿಯನ್ನಿನಲ್ಲೇ ಬೇಯುತ್ತಿರುವಾಗ, ಮಾವ ಆ ಕೋಟು ಕಳಚಿದ್ದನ್ನು ನಾನು ಕಂಡಿಲ್ಲ. ಒಂದು ಕಾಲದಲ್ಲಿ ಸಿರಿಂಜು ಇರುತ್ತಿದ್ದ ಎಡಗಿಸೆಯಲ್ಲಿ ಈಗ ಬಿಳಿ ಪುಡಿಯ ಒಂದು ಹಳೆಯ ಔಷಧದ ಬಾಟಲಿ. ಮಾತಾಡುವಾಗ ಎದುರಿನವರ ರಟ್ಟೆಯನ್ನು ಭದ್ರವಾಗಿ ಹಿಡಿದುಕೊಳ್ಳುವುದು ಅವರ ರೂಢಿ; ಸೂಜಿ ಚುಚ್ಚುವ ಮೊದಲು ದನ ಕೊಸರದಂತೆ ಹಿಡಿಯುತ್ತಾರಲ್ಲ, ಹಾಗೆ. ಅವರ ಹಿಡಿತದಲ್ಲಿ ಸಿಕ್ಕವರು ಚುಚ್ಚಿಸಿಕೊಳ್ಳದೆ ಬಿಡುಗಡೆಯಾಗುವಂತಿಲ್ಲ.

ಅವರ ಸೂಜಿಯೆಂದರೆ ಎರಡೇ ಪದದ ಒಂದು ಪ್ರಶ್ನೆ: "ಕರು ಎಲ್ಲಿ?"

ಮದುವೆಯ ಪಂಕ್ತಿಯಲ್ಲಿ ಪಾಯಸದ ಬಕೇಟು ಹಿಡಿದು ಬಂದವನ ಎದುರು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು, ಇಡೀ ಸಾಲಿಗೆ ಕೇಳುವಂತೆ ಅದನ್ನು ಕೇಳುವರು. ಹಾಲು ಕರೆಯಬೇಕಾದರೆ ಹಸು ಈಯಬೇಕು; ಈದ ಕರುಗಳಲ್ಲಿ ಅರ್ಧಕ್ಕರ್ಧ ಗಂಡು; ಉಳುಮೆಗೆ ಟಿಲ್ಲರು ಬಂದಿರುವಾಗ ಆ ಗಂಡುಕರುಗಳೆಲ್ಲ ಎಲ್ಲಿ ಹೋದವು, ಪಾಯಸ ಉಣ್ಣುವವರು ಯಾರಾದರೂ ಹೇಳಿ ಎಂಬುದು ಅದರ ಭಾಷ್ಯ. ಯಾರೂ ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ. ಮಳೆಗಾಲದಲ್ಲಿ ಹೆದ್ದಾರಿಯ ಮೇಲೆ, ಒದ್ದೆ ನೆಲಕ್ಕಿಂತ ಡಾಂಬರು ಬೆಚ್ಚಗೆಂದು ಮಲಗಿರುವ ಆ ಎಲುಬಿನ ಹಂದರಗಳನ್ನು ಸುತ್ತುಹಾಕಿ ದಾಟಿಕೊಂಡೇ ನಾವೆಲ್ಲ ಆ ಮದುವೆಗೆ ಬಂದಿರುತ್ತೇವೆ. ಅಂಥದೊಂದು ಹೋರಿಗರು ಲಾರಿಗೆ ಸಿಕ್ಕಿ ಸೊಂಟ ಮುರಿದುಕೊಂಡು ಬಿದ್ದಾಗ, ಅದರ ಉಸಿರು ನಿಲ್ಲುವ ತನಕ ಮಾವ ಆ ಮಳೆಯಲ್ಲಿ ರಸ್ತೆಯ ನಟ್ಟನಡುವೆ ಕುಳಿತಿದ್ದರಂತೆ. ಯಾರ ಹಟ್ಟಿಯ ಕರುವೆಂಬುದು ಆ ಕೇರಿಗೆಲ್ಲ ಗೊತ್ತಿತ್ತು. ಆ ಯಜಮಾನನ ಮನೆಯಿಂದಲೇ ಬೆಳಗಾದರೆ ದೇವರ ಅಭಿಷೇಕಕ್ಕೆ ಹಾಲು ಹೋಗುತ್ತಿತ್ತು. ಅಂದಿನಿಂದ ಮಾವ ಹಾಲು ಬಿಟ್ಟರು. ಮೊಸರು, ಮಜ್ಜಿಗೆ, ತುಪ್ಪ ಎಲ್ಲವನ್ನೂ ಬಿಟ್ಟರು. ಸಿಟ್ಟನ್ನು ಕಟ್ಟಿಕೊಂಡರು.

ಆಮೇಲೆ ಎಲ್ಲೋ ಪತ್ರಿಕೆಯಲ್ಲಿ ಓದಿ, ಹುಬ್ಬಳ್ಳಿಯಲ್ಲಿ ಯಾವುದೋ ಕಂಪನಿಯವರು ನಡೆಸಿದ ಪ್ರದರ್ಶನಕ್ಕೆ ಹೋಗಿ, ಅವರು ಹೊಸ ಹಾಲೊಂದನ್ನು ಕಂಡು ಬಂದರು. ಹಸುವಿಲ್ಲದ ಹಾಲು. ಹುದುಗು ಬರಿಸುವ ಸೂಕ್ಷ್ಮಜೀವಿಗೆ ಹಸುವಿನ ಗುಣವೊಂದನ್ನು ಕಲಿಸಿ, ದೊಡ್ಡ ದೊಡ್ಡ ಕೊಪ್ಪರಿಗೆಗಳಲ್ಲಿ ಸಕ್ಕರೆ ಉಣಿಸಿ ಬೆಳೆಸಿ, ಹಾಲಿನ ಸತ್ವವಾದ ಪ್ರೋಟೀನನ್ನೇ ಅದರಿಂದ ಬಸಿದು ಒಣಗಿಸಿದ ಪುಡಿ. ಇಡ್ಲಿಹಿಟ್ಟು ರಾತ್ರಿಯಿಡೀ ಮಾಡುವ ಕೆಲಸವನ್ನೇ ಇದೂ ಮಾಡುವುದೆಂದು ಮಾವ ಸಿಕ್ಕಸಿಕ್ಕವರ ರಟ್ಟೆ ಹಿಡಿದು ವಿವರಿಸಿದರು. ಸೋಯಾ, ಬಾದಾಮಿಗಳ ಹಾಗೆ ಹಾಲಿನ ವೇಷ ಹಾಕಿದ್ದಲ್ಲ, ಸಾಕ್ಷಾತ್ ಹಾಲೇ, ನಾಲಿಗೆಗೂ ಪ್ರಯೋಗಶಾಲೆಗೂ ವ್ಯತ್ಯಾಸ ತಿಳಿಯದಷ್ಟು ಹಾಲೇ ಎಂಬುದು ಅವರ ಪರಮ ಹೆಮ್ಮೆ. ಆ ಹೆಮ್ಮೆಯ ಮಾತನ್ನು ಅವರು ಎಷ್ಟು ಸಲ ಆಡಿದ್ದಾರೆಂಬುದನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು, ಅವರು ಇಡಲಿಲ್ಲ.

ಕುಮಟೆಯ ಹತ್ತಿರದ ಬಾಡ ಎಂಬ ಊರಿನ ಅವರ ಸ್ವಂತ ಮನೆಯ ಹಟ್ಟಿಯಲ್ಲಿ ಮಾತ್ರ ಗಂಗಿಯೆಂಬ ಹಸು ನಿಶ್ಚಿಂತೆಯಿಂದ ಮೆಲುಕು ಹಾಕುತ್ತಿತ್ತು. ಅದು ಅವರ ಹೆಂಡತಿ ಚೌಡಮ್ಮತ್ತೆಯ ಸಾಮ್ರಾಜ್ಯ. ಇವರು ಹಸುವಿಲ್ಲದ ಹಾಲನ್ನು ತರಿಸಿದ ಹಾಗೇ ಹಸುವಿಲ್ಲದ ಸಗಣಿಯನ್ನೂ ಡಬ್ಬಿಯಲ್ಲಿ ತರಿಸಿದರೆ ತನಗೆ ಹಟ್ಟಿ ಬಾಚುವುದಾದರೂ ತಪ್ಪುತ್ತಿತ್ತೆಂದು ಅತ್ತೆ ಬಂದವರೆದುರು ಹೇಳುವರು. ಮಾವ ಕೇಳಿಸದವರಂತೆ ತಮ್ಮ ಚಹಾಕ್ಕೆ ಬಾಟಲಿಯ ಪುಡಿಯನ್ನು ಕಲಕಿಕೊಳ್ಳುವರು. ಗಂಗಿಯ ಗಂಡುಕರುಗಳನ್ನು ಮಾತ್ರ ಅತ್ತೆ ಇಟ್ಟುಕೊಂಡು ಸಾಕಿದರು, ಒಂದನ್ನೂ ರಸ್ತೆಗೆ ಬಿಡಲಿಲ್ಲ. ಮಾವನ ಪ್ರಶ್ನೆಗೆ ನಾನು ಕಂಡ ಒಂದೇ ಒಂದು ಉತ್ತರ ಅವರ ಹಿತ್ತಲಿನಲ್ಲೇ ಗೂಟಕ್ಕೆ ಕಟ್ಟಿಸಿಕೊಂಡು ನಿಂತಿತ್ತು, ಅವರ ಭಾಷಣದಲ್ಲಿ ಅದಕ್ಕೆ ಜಾಗವಿರಲಿಲ್ಲ.

ಇಷ್ಟಾದರೂ ನನಗೆ ಮಾವನ ಮೇಲೆ ಆಗ ಅಪಾರ ಪ್ರೀತಿ. ಕಾರಣ, ನನ್ನ ಮಗ ವಿಶಾಲ. ಅವನಿಗೆ ಹಾಲು ಆಗುವುದಿಲ್ಲ. ಕೂಸಾಗಿದ್ದಾಗ ಮೊದಲ ಸಲ ಹೊರಗಿನ ಹಾಲು ತಾಗಿದ ಗಳಿಗೆಯಲ್ಲೇ ಮೈಯೆಲ್ಲ ದದ್ದೆದ್ದು ತುಟಿ ಬಾತುಕೊಂಡಿತ್ತು. ಮಂಗಳೂರಿನ ವೈದ್ಯರು, ಒಂದು ಚಮಚೆಯೂ ಪ್ರಾಣಕ್ಕೆ ಬರಬಹುದು, ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳಿ ಎಂದು ಹೇಳಿ ಕಳಿಸಿದ್ದರು. ಆ ಮಾತು ನನ್ನ ನಿದ್ದೆಯನ್ನು ತಿಂದುಹಾಕಿದೆ. ಪೇಟೆಯಲ್ಲಿ ಓದಿದ ಸೊಸೆಯ ನಾಜೂಕು ಎಂದು ನೆಂಟರಿಷ್ಟರು ಅದಕ್ಕೆ ಹೆಸರಿಟ್ಟರು. ಸ್ವಲ್ಪ ಸ್ವಲ್ಪ ಕುಡಿಸಿದರೆ ತಾನಾಗಿ ಒಗ್ಗುತ್ತದೆ, ನಮ್ಮ ಕಾಲದಲ್ಲಿ ಇಂಥ ಕಾಯಿಲೆ ಇರಲಿಲ್ಲ, ಗೋವಿನ ಹಾಲು ಯಾವ ಮಗುವಿಗೆ ಕೇಡು ಮಾಡೀತು ಎನ್ನುವವರ ನಡುವೆ, ಪ್ರತಿ ಪೂಜೆಯಲ್ಲೂ ಭಟ್ಟರು ಪಂಚಾಮೃತದ ಚಮಚೆ ಹಿಡಿದು ಸಾಲಿನುದ್ದಕ್ಕೂ ಬರುವಾಗ, ನಾನು ಮಗನ ಪುಟ್ಟ ಅಂಗೈಯನ್ನು ಮುಷ್ಟಿ ಮಾಡಿಸಿ ನನ್ನ ಕೈಯೊಳಗೆ ಮುಚ್ಚಿಟ್ಟುಕೊಳ್ಳುತ್ತಿದ್ದೆ. ದೇವರ ತೀರ್ಥಕ್ಕೆ ಕೈ ಮುಚ್ಚುವ ತಾಯಿಯನ್ನು ನಮ್ಮ ಜನ ಯಾವ ಕಣ್ಣಿನಿಂದ ನೋಡುತ್ತಾರೆಂದು ನಾನು ಬರೆಯಬೇಕಾಗಿಲ್ಲ. ಆಗ ನನ್ನ ಪರ ನಿಂತವರು ಮಾವ ಒಬ್ಬರೇ. ಒಮ್ಮೆ ನನ್ನ ಅತ್ತೆ ಮಾಸ್ತಮ್ಮನವರು ಬೆರಳ ತುದಿಯಲ್ಲಾದರೂ ನೆಕ್ಕಿಸೆಂದು ಒತ್ತಾಯಿಸುತ್ತಿದ್ದಾಗ, ಅವರ ಸ್ವಂತ ಅಣ್ಣನಾದ ಮಾವ ಪಂಕ್ತಿಯ ಆ ತುದಿಯಿಂದ ಗುಡುಗಿದ್ದರು: "ಹುಡ್ಗನಿಗೆ ಆಗೂದಿಲ್ಲ ಅಂದ್ರೆ ಆಗೂದಿಲ್ಲ ಮಾಸ್ತಿ. ಅವ್ನ ಅವ್ವಂಗಿಂತ ನಿಂಗೆ ಹೆಚ್ಚು ಗೊತ್ತುಂಟಾ?" ಆ ಮಾತಿಗಾಗಿ ನಾನು ಅವರಿಗೆ ಎಷ್ಟೋ ಚಹಾಗಳನ್ನು ಸಂತೋಷದಿಂದ ಮಾಡಿಕೊಟ್ಟಿದ್ದೇನೆ. ಅದೇ ಮಾತನ್ನು ಅವರೇ ಮರೆಯುವರೆಂದು ನನಗೆ ಹೇಗೆ ತೋಚಬೇಕು?

ಬಾಡದ ಮನೆಯ ಹಿತ್ತಲಲ್ಲಿ ಸುರಗಿ ಮರದಡಿ ನಾಗನ ಕಲ್ಲಿದೆ. ಪಂಚಮಿಯಂದು ಮನೆತನದವರೆಲ್ಲ ಸೇರಿ ಅಲ್ಲಿ ಹಾಲೆರೆಯುವುದು ರೂಢಿ. ಹಸುವಿನ ಹಾಲನ್ನು ಕಲ್ಲಿಗೆ ಸುರಿಯಕೂಡದು, ತಮ್ಮ ಪುಡಿಯ ಹಾಲನ್ನೇ ಎರೆಯಬೇಕು ಎಂದು ಮಾವ ಹಿಂದಿನ ವರ್ಷವೇ ಹಟ ಹಿಡಿದಿದ್ದರು. ಭಟ್ಟರು ಜಗಳಗಂಟರಲ್ಲ. ನಾಗ ಇಷ್ಟು ತಲೆಮಾರಿನಿಂದ ಯಾವ ಹಾಲೆಂದು ಕೇಳಿದವನಲ್ಲವೆಂದು ನಕ್ಕು, "ನಿಮ್ಮ ಹಾಲು ನೀವು ಎರೀರಿ ರಮಾನಂದಣ್ಣ, ದಕ್ಷಿಣೆ ಮಾತ್ರ ಹುದುಗು ಬರ್ಸಿದ್ದು ಬೇಡ" ಎಂದು ಒಪ್ಪಿಕೊಂಡಿದ್ದರು. ಗೆದ್ದ ಮಾವ ಈ ವರ್ಷ ಇನ್ನೊಂದು ಹೆಜ್ಜೆ ಮುಂದೆ ಹೋದರು. ತಮ್ಮ ಪುಡಿಯ ಹಾಲಿಗೆ ಜೇನು, ಸಕ್ಕರೆ, ಬಾಳೆಹಣ್ಣು ಸೇರಿಸಿ, ಯಾರಿಗೂ ತಿಳಿಸದೆ, ಒಂದು ಬೆಳ್ಳಿಯ ಬಟ್ಟಲಲ್ಲಿ ಪ್ರತ್ಯೇಕ ಪಂಚಾಮೃತ ಮಾಡಿಟ್ಟರು. ಹುಟ್ಟಿದಾಗಿನಿಂದ ತೀರ್ಥಕ್ಕೆ ಕೈ ಮುಚ್ಚಿಕೊಂಡೇ ನಿಂತ ಹುಡುಗ ಇಂದಾದರೂ ಕೈ ಚಾಚಲಿ ಎಂಬುದು ಅವರ ಆಸೆ. ಆಸೆ ನಿಷ್ಕಲ್ಮಷವಾಗಿತ್ತು. ನನ್ನ ಸಿಟ್ಟು ಆರದಿರುವುದಕ್ಕೆ ಅದೂ ಒಂದು ಕಾರಣ. ಕೆಟ್ಟ ಮನುಷ್ಯನಾಗಿದ್ದರೆ ನಾನು ಕಾವಲಿರುತ್ತಿದ್ದೆ.

ಆ ಹೊತ್ತಿಗೆ ನಾನು ಅಡುಗೆಮನೆಯಲ್ಲಿದ್ದೆ. ವಿಶಾಲನಿಗೆಂದೇ ಚೌಡಮ್ಮತ್ತೆ ಬೇರೆ ಪಾತ್ರೆಯಲ್ಲಿ ಪಾಯಸಕ್ಕಿಟ್ಟಿದ್ದರು. ನಾನು ತೆಂಗಿನಕಾಯಿ ತುರಿದು, ರುಬ್ಬಿ, ಬಟ್ಟೆಯಲ್ಲಿ ಕಾಯಿಹಾಲು ಹಿಂಡುತ್ತಿದ್ದೆ. ಯಾವ ಹಸುವನ್ನೂ ಯಾವ ಕೊಪ್ಪರಿಗೆಯನ್ನೂ ಬೇಡದ ಹಾಲು, ಈ ಕರಾವಳಿಯಲ್ಲಿ ಹಿತ್ತಲಿಗೆ ಹತ್ತು ಮರದಂತೆ ತಲೆಯ ಮೇಲೆ ತೂಗುತ್ತಿರುವ ಹಾಲು, ನನ್ನ ಬೆರಳ ಸಂದಿನಿಂದ ಇಳಿಯುತ್ತಿತ್ತು. ಹೊರಗೆ ಏನು ನಡೆಯಿತೆಂಬುದನ್ನು ಆಮೇಲೆ ಕೇಳಿ ತಿಳಿದೆ. ಮಾವ ಮಗುವನ್ನು ಸುರಗಿ ಮರದಡಿ ಕರೆದು, ನಾನು ಕಲಿಸಿದ ಮುಷ್ಟಿಯನ್ನು ಬೆರಳು ಬೆರಳಾಗಿ ಬಿಡಿಸಿದರಂತೆ. ಅಮ್ಮನನ್ನು ಕೇಳಬೇಕು ಎಂದನಂತೆ ಹುಡುಗ. ಅಷ್ಟು ಚಿಕ್ಕವನಿಗೆ ಹೊಳೆದ ಮಾತು ಅದು.

"ಅಮ್ಮಂಗೆ ಎಂತ ಕೇಳೂದು? ನಾ ಇದ್ನಲ. ಕುಡಿ ಮಗಾ, ಇದು ನಿಂದೇ ಹಾಲು."

ಸುತ್ತ ನಿಂತವರು ಮೆಚ್ಚಿ ನಕ್ಕರಂತೆ. ಭಟ್ಟರು ಒಂದು ಹೂವನ್ನು ಮಗುವಿನ ಮುಡಿಗೆ ಇಟ್ಟರಂತೆ.

ಪಾಯಸದ ಸೌಟು ಕೈಯಲ್ಲಿರುವಾಗ ನನಗೆ ಕೆಮ್ಮು ಕೇಳಿಸಿತು. ಆ ಕೆಮ್ಮು ನನಗೆ ಗೊತ್ತು. ಓಡಿ ಬಂದಾಗ ಕೆನ್ನೆಗಳು ಕೆಂಪಗೆ ಉಬ್ಬಿ, ಕಣ್ಣು ಸೀಳಾಗಿ, ತುಟಿ ಬೇರೆ ಯಾರದೋ ತುಟಿಯಂತಾಗಿತ್ತು. ಎದೆಯಿಂದ ಶಿಳ್ಳೆಯಂಥ ಸದ್ದು ಏಳುತ್ತಿತ್ತು. ಚೀಲದಲ್ಲಿ ಸದಾ ಇಟ್ಟುಕೊಳ್ಳುವ ಔಷಧವನ್ನು ಸುರಿದದ್ದು ಅರ್ಧ ಗಂಟಲಿಗೆ, ಅರ್ಧ ಅಂಗಿಗೆ. ನನ್ನ ಗಂಡ ಗಣೇಶ ಪಕ್ಕದ ಮನೆಯ ಬೀರಪ್ಪನ ಆಟೋ ಹೊರಡಿಸಿದರು. ಬಾಡದಿಂದ ಕುಮಟೆಯ ತನಕ ನಾನು ಮಗನ ಉಸಿರಿಗೆ ಕಿವಿಗೊಟ್ಟಿದ್ದೆ. ಮುಂದಿನ ಸೀಟಿನ ಅಂಚಿಗೆ ಕುಳಿತ ಮಾವ ಅಷ್ಟೂ ದಾರಿ, ಇದು ಹಾಲಿನಿಂದ ಆದದ್ದಲ್ಲ, ಬಾಳೆಹಣ್ಣಿನಿಂದಿರಬೇಕು, ಜೇನು ಕಲಬೆರಕೆಯಿರಬೇಕು ಎಂದು ಬೀರಪ್ಪನ ರಟ್ಟೆ ಹಿಡಿದು ವಾದಿಸುತ್ತಿದ್ದರು. ರಟ್ಟೆ ಬಿಟ್ಟರೆ ಗಾಡಿ ನೆಟ್ಟಗೆ ಹೋದೀತು ಎಂದ ಬೀರಪ್ಪ.

ಆಸ್ಪತ್ರೆಯಲ್ಲಿ ತೊಡೆಗೆ ಚುಚ್ಚಿ, ಮೂಗಿಗೆ ಆಮ್ಲಜನಕದ ಮುಖವಾಡ ಇಟ್ಟ ಮೇಲೆ ಆ ಶಿಳ್ಳೆ ಮೆಲ್ಲಗೆ ಇಳಿಯತೊಡಗಿತು. ಆಗಲೂ ಮಾವ ಬಾಗಿಲಲ್ಲಿ ನಿಂತು, ಅದರಲ್ಲಿ ಹಸುವೇ ಇಲ್ಲ ಡಾಕ್ಟ್ರೇ, ಹಸುವಿನ ಸೋಂಕೇ ಇಲ್ಲ ಎಂದು ಬಾಟಲಿ ಎತ್ತಿ ತೋರಿಸುತ್ತಿದ್ದರು. ವೈದ್ಯೆ ಸಣ್ಣ ವಯಸ್ಸಿನವಳು, ದಣಿದಿದ್ದಳು. ತಲೆಯೆತ್ತದೆಯೇ ಕೇಳಿದಳು:

"ಹಸು ಇಲ್ಲ, ಸರಿ. ಹಾಲು ಇದೆಯಲ್ಲ?"

ಅಷ್ಟೇ. ಮಗುವಿನ ದೇಹ ಹಗೆ ಸಾಧಿಸಿದ್ದು ಕೋಡು ಬಾಲಗಳ ಮೇಲಲ್ಲ, ಹಾಲಿನೊಳಗಿನ ಸತ್ವದ ಮೇಲೆ. ಆ ಸತ್ವ ಕೆಚ್ಚಲಿನಿಂದ ಬಂದರೇನು, ಕೊಪ್ಪರಿಗೆಯಿಂದ ಬಂದರೇನು? ಸಾಕ್ಷಾತ್ ಹಾಲೇ ಎಂದು ಊರೂರು ಸಾರಿದವರಿಗೆ, ಸಾಕ್ಷಾತ್ ಹಾಲು ಮಾಡುವ ಕೇಡನ್ನೂ ಅದು ಮಾಡೀತೆಂದು ಹೊಳೆಯಲಿಲ್ಲ. ಡಬ್ಬಿಯ ಮೇಲೆ ಎಚ್ಚರಿಕೆಯೂ ಇತ್ತಂತೆ. ಪುಡಿಯನ್ನು ಬಾಟಲಿಗೆ ತುಂಬಿಕೊಂಡು ಡಬ್ಬಿಯನ್ನು ಅವರು ಎಸೆದಿದ್ದರು.

ಸಂಜೆಗೆ ವಿಶಾಲ ಕಣ್ಣು ಬಿಟ್ಟು ನೀರು ಕೇಳಿದ. ಮಾವ ಕ್ಷಮೆ ಕೇಳಲಿಲ್ಲ. ಮೊದಲು ಕಂಪನಿಯ ಮೇಲೆ ಹರಿಹಾಯ್ದರು, ಅಷ್ಟು ಸಣ್ಣ ಅಕ್ಷರ ಯಾರ ಕಣ್ಣಿಗೆ ಕಾಣಬೇಕೆಂದು. ಆಮೇಲೆ ಹುಬ್ಬಳ್ಳಿಯ ಪ್ರದರ್ಶನದವರ ಮೇಲೆ. ಕೊನೆಗೆ, ಆಸ್ಪತ್ರೆಯ ಆ ಬೆಂಚಿನಲ್ಲಿ ನನ್ನ ಪಕ್ಕ ಕುಳಿತು ನನ್ನ ರಟ್ಟೆಗೆ ಕೈ ಚಾಚಿದರು: "ನೀನಾದ್ರೂ ಒಂದ್ಸಲ ಬಂದು ನೋಡ್ಕಳ್ಳೂದಲ್ಲ ತಂಗಿ?"

ನಾನು ಕೈ ಕೊಸರಿಕೊಂಡೆ.  ಉತ್ತರ ಕೊಟ್ಟವರು, ಹಿಡಿಕೆಯ ಪಾತ್ರೆಯಲ್ಲಿ ಗಂಜಿ ಹಿಡಿದು ಆಗಷ್ಟೇ ಬಸ್ಸಿಳಿದು ಬಂದ ಚೌಡಮ್ಮತ್ತೆ. ಅವರು ಪಾತ್ರೆಯನ್ನು ಕೆಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ದನಿ ಏರಿಸದೆ ಗಂಡನಿಗೆ ಹೇಳಿದರು: "ಕರು ಎಲ್ಲಿ, ಕರು ಎಲ್ಲಿ ಅಂತ ಊರಿಗೆಲ್ಲ ಕೇಳ್ಕಂಡು ತಿರ್ಗಿದ್ರಿ. ಒಳ್ಗೆ ಕಾಯಿಹಾಲು ಹಿಂಡ್ತಾ ಇದ್ದವ್ಳ ಹತ್ರ ಒಂದು ಮಾತು ಕೇಳೂಕೆ ಎಂತ ಆಗಿತ್ತು ನಿಮ್ಗೆ?"

ಮಾವ ಕೋಟಿನ ಗುಂಡಿಯನ್ನು ತಿರುವುತ್ತ ಕುಳಿತರು. 

ಅವರು ಬದಲಾದರೇ ಎಂದು ಕೇಳುವವರಿದ್ದಾರೆ. ಮೊನ್ನೆ ಹೊನ್ನಾವರದ ಮದುವೆಯೊಂದರಲ್ಲಿ ಅದೇ ಕೋಟು, ಅದೇ ಬಾಟಲಿ, ಅದೇ ಪ್ರಶ್ನೆ. ಒಂದು ವಾಕ್ಯ ಮಾತ್ರ ಹೊಸದು: ಹಾಲು ಆಗದ ಮಕ್ಕಳಿಗೆ ಇದೂ ಆಗುವುದಿಲ್ಲ, ಅಷ್ಟೂ ತಿಳಿಯದೆ ಯಾರಿಗಾದರೂ ಕೊಟ್ಟೀರಿ ಜೋಕೆ ಎಂದು, ಕೊಟ್ಟವರು ಆ ಪಂಕ್ತಿಯವರೇ ಎಂಬಂತೆ ಅವರನ್ನು ಗದರಿಸುತ್ತಿದ್ದರು. ಭಟ್ಟರು ತೀರ್ಥ ತಂದಾಗ ನಾನು ಮಗನ ಮುಷ್ಟಿಯನ್ನು ನನ್ನ ಕೈಯೊಳಗೆ ಎಳೆದುಕೊಂಡೆ. ಎದುರು ಸಾಲಿನಲ್ಲಿದ್ದ ಮಾವ ಅತ್ತ ಮುಖ ತಿರುಗಿಸಿದರು.

ಅವರ ಪ್ರಶ್ನೆ ಸುಳ್ಳಲ್ಲ. ಮನೆಗೆ ಮರಳುವಾಗ ಹೆದ್ದಾರಿಯ ಮೇಲೆ ಮಳೆಯಲ್ಲಿ ಮಲಗಿದ್ದ ಕರುಗಳಿಗೆ ನನ್ನಲ್ಲೂ ಉತ್ತರವಿಲ್ಲ, ಆ ಕೊಪ್ಪರಿಗೆಯ ಹಾಲು ನಾಳೆ ಅವುಗಳನ್ನು ರಸ್ತೆಪಾಲಾಗದಂತೆ ಕಾಯುವುದಾದರೆ ಬೇಡವೆನ್ನಲು ನಾನು ಯಾರು? ಇಂಥವರಿಲ್ಲದಿದ್ದರೆ ಸಾಯುವ ಕರುವಿನ ಪಕ್ಕ ಯಾರೂ ಕೂರುತ್ತಿರಲಿಲ್ಲ. ಆದರೆ ನ್ಯಾಯ ತಮ್ಮ ಕಡೆಗಿದೆಯೆಂದು ಒಮ್ಮೆ ಖಚಿತವಾದ ಮೇಲೆ ಈ ಬಗೆಯ ಜನ, ಕಾಯುವುದು ಎಂಬ ಕೆಲಸ ಇನ್ನು ಯಾರದೂ ಅಲ್ಲ, ತಮ್ಮದೊಂದೇ ಎಂದು ತಿಳಿಯುತ್ತಾರೆ. ಲೋಕದ ಮೂಕಪ್ರಾಣಿಗಳೆಲ್ಲದರ ಪರವಾಗಿ ಅವರು ಮಾತಾಡಬಲ್ಲರು. ಬಾಯಿರುವ ಮಗು ಅಮ್ಮನನ್ನು ಕೇಳಬೇಕು ಎಂದರೆ ಮಾತ್ರ ಅವರಿಗೆ ಅದು ಕೇಳಿಸುವುದಿಲ್ಲ.