ಸಿದ್ದೇಶ್ವರಿ ಜಡಿದ ಬೀಗ

ಔರಾದ ತಾಲೂಕಿನ ಎಕಂಬಾದಲ್ಲಿ ಸಿದ್ದೇಶ್ವರಿಯ ಹೊಟ್ಟೆಕಿಚ್ಚಿನ ಮೇಲೆ ಇಡೀ ಊರಿನ ರೊಟ್ಟಿ ಬೇಯಿಸಬಹುದಿತ್ತು. ಸುಳ್ಳೆನಿಸಿದರೆ ಊರವರನ್ನೇ ಕೇಳಿ.

ಕಾರಣ, ಎದುರುಮನೆಯ ಆಬೇದಾ. ಹೋದ ತಿಂಗಳು ಆಬೇದಾ ಹೆಂಗಸರೊಂದಿಗೆ ಬೀದರಿನಲ್ಲಿ ಮೂರು ದಿನ ಧರಣಿ ಕೂತು ಊರಿಗೆ ಬೆಳಗಿನ ಬಸ್ಸು ತಂದಿದ್ದಳು. ಪೇಪರಿನಲ್ಲಿ ಫೋಟೋ ಬಂದಿತ್ತು. ಅಂಗೈಯಗಲದ ಫೋಟೋ ಸಿದ್ದೇಶ್ವರಿಯ ಕಣ್ಣಿಗೆ ಬೀದರ ಕೋಟೆಯಷ್ಟು ಕಂಡಿತು. ಜನ ಅದನ್ನು ‘ಆಬೇದಾ ಬಸ್ಸು’ ಎನ್ನತೊಡಗಿದ ಮೇಲೆ ಸಿದ್ದೇಶ್ವರಿ ಆ ಬಸ್ಸು ಹತ್ತದೆ ಔರಾದಿಗೆ ನಡೆದೇ ಹೋಗತೊಡಗಿದಳು.

ಅಷ್ಟರಲ್ಲಿ ಅವಳ ಕುರಿಗಳಿಗೆ ಕಾಲುಬಾಯಿ ಬೇನೆ ಬಂತು. ನಲವತ್ತು ಕುಂಟುತ್ತಿದ್ದವು, ಎರಡು ಸತ್ತಿದ್ದವು. ಹತ್ತಿರದ ದನದ ದವಾಖಾನೆಗೆ ವರ್ಷದಿಂದ ಡಾಕ್ಟರಿಲ್ಲ. ಪ್ರತಿ ಮಂಗಳವಾರ ಕಂಪೌಂಡರ್ ದತ್ತಾತ್ರಿ ಒಬ್ಬನೇ ಬರುತ್ತಿದ್ದ. ಆಬೇದಾ ಮೂರು ದಿನದಲ್ಲಿ ಮಾಡಿದ್ದನ್ನು ತಾನು ಮೂರು ತಾಸಿನಲ್ಲಿ ಮಾಡುತ್ತೇನೆಂದು ಸಿದ್ದೇಶ್ವರಿ ಕುರಿಗಳನ್ನು ಹೊಡೆದುಕೊಂಡು, ಹೆಂಗಸರನ್ನು ಕಟ್ಟಿಕೊಂಡು ಮಂಗಳವಾರವೇ ಅಲ್ಲಿಗೆ ಹೋದಳು. ದತ್ತಾತ್ರಿ ಒಳಗಿರುವಾಗಲೇ ಬಾಗಿಲಿಗೆ ಕುರಿಯ ತಲೆಯಷ್ಟು ದೊಡ್ಡ ಬೀಗ ಜಡಿದಳು. ಡಾಕ್ಟರು ಬರುವ ತನಕ ಬಿಡುವುದಿಲ್ಲ ಎಂದಳು. ಕೆಲವರು ಕಲ್ಲೂ ಆರಿಸಿಕೊಂಡರು.

ಸುದ್ದಿ ಕೇಳಿ ಆಬೇದಾ ಓಡಿ ಬಂದಳು.

“ಫೋಟೋದಾಗ ನಿಂದ್ರಲಾಕ ಬಂದೀರೇನ್ರಿ ಆಪಾ?” ಸಿದ್ದೇಶ್ವರಿ ಚುಚ್ಚಿದಳು.

“ನಿನ್ನ ಫೋಟೋ ಠಾಣೆದಾಗ ತೆಗೀತಾರ, ಸಿದ್ದಕ್ಕ,” ಎಂದಳು ಆಬೇದಾ. “ಶಾಂತವಾಗಿ ಕೂಡೂದು, ಘೋಷಣಾ ಕೂಗೂದು ನಮ್ಮ ಹಕ್ಕು. ಸಂವಿಧಾನನೇ ಕೊಟ್ಟದ. ಮನಷ್ಯಾನ್ನ ಒಳಗ ಕೂಡಿಹಾಕೂದು ಗುನ್ಹಾ. ಕಲ್ಲು ಒಗಿಯೂದೂ ಗುನ್ಹಾನೇ.”

ಬೀದರಿನ ಧರಣಿಗೆ ತಾನು ಮೊದಲೇ ಪೊಲೀಸರಿಗೆ ಅರ್ಜಿ ಕೊಟ್ಟು ಅನುಮತಿ ಪಡೆದದ್ದನ್ನು, ಅವರು ತೋರಿಸಿದ ಜಾಗದಲ್ಲಿ ದಾರಿ ಬಿಟ್ಟು ಕೂತದ್ದನ್ನು ವಿವರಿಸಿದಳು. ಸಿದ್ದೇಶ್ವರಿಗೆ ಇದೆಲ್ಲ ತನಗೆ ಹೆಸರು ಬರುವುದನ್ನು ತಡೆಯುವ ಹುನ್ನಾರವೆಂದೇ ಅನಿಸಿತು.

ಆಗ ಆಬೇದಾ ಕುರಿಗಳ ಕಡೆ ಕೈ ಮಾಡಿದಳು. “ಔಷಧ ಒಳಗದ. ಹಚ್ಚಾಂವನೂ ಒಳಗಿದ್ದಾನ. ಕುರಿ ಹೊರಗವ. ಇದರಿಂದ ಯಾರಿಗಿ ತ್ರಾಸ ಆಯ್ತು, ನೀನೇ ಹೇಳು.”

ಸಿದ್ದೇಶ್ವರಿ ಸೊಂಟದಿಂದ ಬೀಗದ ಕೈ ಹಿರಿದಳು. ಬೀಗ ತೆಗೆದು, ತಪ್ಪಾಯಿತೆಂದು ಕೈ ಮುಗಿದಳು. ಹೆಂಗಸರು ಕಲ್ಲು ಕೆಳಗೆ ಹಾಕಿದರು.

“ಕೇಸ್ ಮಾಡಬೇಕಂತಲೇ ಇದ್ದೆ,” ಎಂದ ದತ್ತಾತ್ರಿ, ಬೆವರು ಒರೆಸಿಕೊಳ್ಳುತ್ತ. “ಮೊದಲ ಆ ಕುಂಟೂ ಕುರಿ ಹಿಡೀರಿ.”

ಮುಂದಿನ ವಾರ ಅನುಮತಿ ಪಡೆದು ಸಿದ್ದೇಶ್ವರಿ ಔರಾದಿನಲ್ಲಿ ಧರಣಿ ಕೂತಳು. ಐದು ದಿನ. ಆಬೇದಾಗಿಂತ ಎರಡು ದಿನ ಹೆಚ್ಚೆಂದು ಹೋದಬಂದವರಿಗೆಲ್ಲ ಹೇಳಿದಳು. ಕೊನೆಗೆ ಭಾಲ್ಕಿಯ ದನದ ಡಾಕ್ಟರು ಈ ದವಾಖಾನೆಗೆ ವಾರಕ್ಕೆ ಮೂರು ಸಲ ಬರುವರೆಂದು ಅಧಿಕಾರಿಗಳು ಬರೆದುಕೊಟ್ಟರು.

ಅಕ್ಕಂದಿರೇ, ಅಣ್ಣಂದಿರೇ, ನ್ಯಾಯ ಕೇಳಲು ಒಟ್ಟಿಗೆ ಕೂಡುವುದು ನಿಮ್ಮ ಹಕ್ಕು, ಹೆದರಬೇಡಿ. ಆದರೆ ಕಲ್ಲು, ಬಡಿಗೆ, ಬೆಂಕಿ ಮುಟ್ಟಬೇಡಿ. ಸರಕಾರಿ ಆಸ್ತಿ ಒಡೆಯಬೇಡಿ, ಯಾರನ್ನೂ ಕೂಡಿಹಾಕಬೇಡಿ, ಆಂಬುಲೆನ್ಸಿನ ದಾರಿ ಕಟ್ಟಬೇಡಿ. ನಿಮ್ಮ ಊರಿನ ಕೊರತೆ ಯಾವುದು? ಇವತ್ತೇ ನಾಲ್ಕು ಜನ ಕೂತು ಅರ್ಜಿ ಬರೆಯಿರಿ.